ಪುನರ್ಪುಳಿ ಬೀಜದಿಂದ ತುಪ್ಪ: ಗಾಣದಲ್ಲಿ ಯಾಕೆ ಇಳಿಯಲಿಲ್ಲ, ಇಳಿಸುವುದು ಹೇಗೆ

ಪ್ರಶ್ನೆ: ಪುತ್ತೂರು ತಾಲ್ಲೂಕಿನಲ್ಲಿ ಮನೆಮಟ್ಟದಲ್ಲಿ ಪುನರ್ಪುಳಿ (ಕೋಕಮ್) ಸಿರಪ್ ಮಾಡುತ್ತೇವೆ. ಏಪ್ರಿಲ್ ಕೊನೆಯಿಂದ ಮಳೆ ಹಿಡಿಯುವವರೆಗೆ ಸುಮಾರು 5 ಟನ್ ಹಣ್ಣು ಒಡೆಯುತ್ತೇವೆ. ಬೀಜವೆಲ್ಲ ಗೊಬ್ಬರದ ಗುಂಡಿಗೆ ಹೋಗುತ್ತದೆ. ಶಿರಸಿ ಕಡೆ ಇದರಿಂದ ಮುರುಗಲ ತುಪ್ಪ, ಅಂದರೆ ಬೀಜದ ಕೊಬ್ಬು, ತೆಗೆಯುತ್ತಾರೆಂದು ಕೇಳಿ, ಕಳೆದ ವರ್ಷ ಒಂದಷ್ಟು ಬೀಜ ಒಣಗಿಸಿ ಮರದ ಗಾಣಕ್ಕೆ ಒಯ್ದೆವು. ಎಣ್ಣೆಯೇ ಬರಲಿಲ್ಲ, ಹಿಟ್ಟು ಮಾತ್ರ ಉಂಡೆಯಾಯಿತು. ಬೀಜ ಹಾಳಾಗಿತ್ತೇ? ಇದಕ್ಕೆ ಬೇರೆ ಯಂತ್ರ ಕೊಳ್ಳಬೇಕೇ? ಸಕ್ಕರೆಯಲ್ಲಿ ರಸ ಬಿಟ್ಟ ಸಿಪ್ಪೆಯಿಂದ ಏನಾದರೂ ಮಾಡಬಹುದೇ?

ಉತ್ತರ: ಗಾಣದಲ್ಲಿ ಇಳಿಯದಿದ್ದುದಕ್ಕೆ ಬೀಜ ಕಾರಣವಲ್ಲ, ಉಷ್ಣತೆ ಕಾರಣ. ಪುನರ್ಪುಳಿಯ ಕೊಬ್ಬು ಕರಗುವುದೇ 38ರಿಂದ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಮರದ ಗಾಣ ನಿಧಾನವಾಗಿ ತಿರುಗುತ್ತದೆ, ಒಳಗಿನ ಹಿಟ್ಟು ಅಷ್ಟು ಬಿಸಿಯಾಗುವುದಿಲ್ಲ. ಎಳ್ಳು, ಕೊಬ್ಬರಿಗೆ ಅದೇ ಒಳ್ಳೆಯದು. ಆದರೆ ಇಲ್ಲಿ ಕೊಬ್ಬು ತಿರುಳಿನ ಕೋಶಗಳಿಂದ ಹೊರಬಂದರೂ ಹರಿಯದೆ ಹಿಟ್ಟಿನಲ್ಲೇ ಮೆತ್ತಿಕೊಂಡು ಉಂಡೆಯಾಗುತ್ತದೆ. ನಿಮ್ಮ ಹಿಂಡಿಯಲ್ಲಿ ತುಪ್ಪವೆಲ್ಲ ಹಾಗೇ ಇತ್ತು. ಹಿಂಡಿ ಇನ್ನೂ ಉಳಿದಿದ್ದರೆ, ಬೂಸಲು ಹಿಡಿಯದೆ ಇದ್ದರೆ, ಕುದಿನೀರಿನಲ್ಲಿ ಬೇಯಿಸಿ ಈಗಲೂ ಸ್ವಲ್ಪ ತುಪ್ಪ ತೆಗೆಯಬಹುದು. ಅದನ್ನು ಮೈಗೆ ಹಚ್ಚುವುದಕ್ಕೋ ಸಾಬೂನಿಗೋ ಇಟ್ಟುಕೊಳ್ಳಿ, ತಿನ್ನಲು ಬೇಡ.

ಯಂತ್ರ ಕೊಳ್ಳುವ ಮೊದಲು ಲೆಕ್ಕ ಹಾಕಿ. ಹಣ್ಣಿನ ತೂಕದ ಸುಮಾರು ಅರ್ಧ ಸಿಪ್ಪೆ, ಐದರಲ್ಲೊಂದು ಪಾಲು ಬೀಜ, ಉಳಿದದ್ದು ಬೀಜಕ್ಕೆ ಅಂಟಿದ ಲೋಳೆಯಂಥ ತಿಳಿ. 5,000 ಕಿಲೋ ಹಣ್ಣಿಗೆ ತೊಳೆದ ಹಸಿ ಬೀಜ 1,000 ಕಿಲೋ, ಒಣಗಿದ ಮೇಲೆ ಹತ್ತಿರ ಹತ್ತಿರ ಅರ್ಧ, ಅಂದರೆ 500ರಿಂದ 550 ಕಿಲೋ. ಒಣಬೀಜದಲ್ಲಿ ಶೇ 60ರಷ್ಟು ತಿರುಳು, ಉಳಿದದ್ದು ಕವಚ. ತಿರುಳಿನಲ್ಲಿ ಶೇ 44ರವರೆಗೆ ಕೊಬ್ಬು ಇರುತ್ತದೆ. ಇಡೀ ಬೀಜದ ಮೇಲೆ ಲೆಕ್ಕ ಹಾಕಿದರೆ ಶೇ 23ರಿಂದ 26. ಹೀಗೆ ನಿಮ್ಮ ಒಂದು ಸೀಸನ್ನಿನ ಬೀಜದಲ್ಲಿ 130–140 ಕಿಲೋ ಕೊಬ್ಬು ಅಡಗಿದೆ. ಕುದಿಸಿ ತೆಗೆದರೆ 75ರಿಂದ 90 ಕಿಲೋ, ಬಿಸಿ ಎಕ್ಸ್‌ಪೆಲ್ಲರ್‌ನಲ್ಲಿ (ಸ್ಕ್ರೂ ಒತ್ತಡದಿಂದ ಎಣ್ಣೆ ಹಿಂಡುವ ಯಂತ್ರ) ಎರಡು ಸಲ ಹಿಂಡಿದರೆ 100–110 ಕಿಲೋ ಕೈಗೆ ಸಿಗಬೇಕು. ಮರದಿಂದ ಮರಕ್ಕೆ ಹಣ್ಣಿನ ಗಾತ್ರ, ಬೀಜದ ಸಂಖ್ಯೆ ಬೇರೆಯಾಗುವುದರಿಂದ ಮೊದಲು 50 ಕಿಲೋ ಹಣ್ಣಿನಲ್ಲಿ ಹಂತ ಹಂತವಾಗಿ ತೂಗಿ ನಿಮ್ಮದೇ ಅಂಕಿ ಬರೆದಿಟ್ಟುಕೊಳ್ಳಿ.

ಈ 320 ಕಿಲೋ ತಿರುಳನ್ನು ಗಂಟೆಗೆ 40 ಕಿಲೋ ಹಿಂಡುವ ಸಣ್ಣ ಎಕ್ಸ್‌ಪೆಲ್ಲರ್ ಎರಡು ಸುತ್ತಿನಲ್ಲಿ ಎರಡು ದಿನಕ್ಕೆ ಮುಗಿಸುತ್ತದೆ. ವರ್ಷಕ್ಕೆ ಎರಡು ದಿನ ಓಡುವ ಯಂತ್ರಕ್ಕೆ ಸಾಲ ಮಾಡುವುದು ಬೇಡ. ಕುದಿಸಿ ತೆಗೆಯಿರಿ, ಇಲ್ಲವೇ ಎಕ್ಸ್‌ಪೆಲ್ಲರ್ ಇರುವ ಕೊಬ್ಬರಿ ಮಿಲ್ಲಿನಲ್ಲಿ ಕೂಲಿಗೆ ಹಿಂಡಿಸಿ. ದುಡ್ಡು ಹಾಕುವುದಿದ್ದರೆ ಒಣಗಿಸುವ ವ್ಯವಸ್ಥೆಗೆ ಹಾಕಿ. ಈ ತುಪ್ಪಕ್ಕೆ ಒಳ್ಳೆಯ ಬೆಲೆ ಸಿಗುತ್ತದೋ ಅಗ್ಗದ ಸಾಬೂನು ಎಣ್ಣೆಯ ಬೆಲೆ ಸಿಗುತ್ತದೋ ಎಂಬುದು ಹಣ್ಣು ಒಡೆದ ಮೊದಲ ಎರಡು ದಿನಗಳಲ್ಲೇ ತೀರ್ಮಾನವಾಗಿಬಿಡುತ್ತದೆ.

ಈ ಕೊಬ್ಬಿಗೆ ಬೆಲೆ ಯಾಕೆ

ಇದರ ಕೊಬ್ಬಿನಾಮ್ಲಗಳಲ್ಲಿ ಸ್ಟಿಯರಿಕ್ ಆಮ್ಲ ಶೇ 50ರಿಂದ 60, ಓಲಿಕ್ ಆಮ್ಲ ಶೇ 35ರಿಂದ 40. ಬೇರೆ ಆಮ್ಲಗಳು ಅತ್ಯಲ್ಪ. ಬಹುಪಾಲು ಅಣುಗಳಲ್ಲಿ ಎರಡು ಸ್ಟಿಯರಿಕ್‌ಗಳ ನಡುವೆ ಒಂದು ಓಲಿಕ್ ಕೂತಿರುತ್ತದೆ. ಕೋಕೋ ಬೆಣ್ಣೆಯಲ್ಲಿರುವ ಮುಖ್ಯ ಅಣುಗಳಲ್ಲಿ ಇದೂ ಒಂದು. ಹಾಗಾಗಿ ಪುನರ್ಪುಳಿ ಕೊಬ್ಬು ಕೋಣೆಯ ಉಷ್ಣತೆಯಲ್ಲಿ ಗಟ್ಟಿಯಾಗಿ, ಒಡೆದರೆ ಚೂರಾಗುವಂತೆ ಇರುತ್ತದೆ; ಮೈಬಿಸಿಗಿಂತ ತುಸು ಮೇಲೆ ಒಮ್ಮೆಲೇ ಕರಗುತ್ತದೆ. ಯುರೋಪಿಯನ್ ಒಕ್ಕೂಟ 2000ನೇ ಇಸವಿಯ ಚಾಕೊಲೇಟ್ ನಿರ್ದೇಶನದಲ್ಲಿ ಕೋಕೋ ಬೆಣ್ಣೆಯ ಜೊತೆಗೆ ಶೇ 5ರವರೆಗೆ ಸೇರಿಸಬಹುದಾದ ಆರು ಸಸ್ಯಕೊಬ್ಬುಗಳನ್ನು ಹೆಸರಿಸಿತು: ಇಲ್ಲಿಪೆ, ತಾಳೆ, ಸಾಲ್, ಶಿಯಾ, ಮಾವಿನ ಗೊರಟು ಮತ್ತು ನಮ್ಮ ಕೋಕಮ್. ನಮ್ಮ ಅಂಗಳದಲ್ಲಿ ಕೊಳೆಯುವ ಬೀಜ ಆ ಪಟ್ಟಿಯಲ್ಲಿದೆ. ಲಿಪ್ ಬಾಮ್, ಕ್ರೀಮ್, ಹಿಮ್ಮಡಿ ಬಿರುಕಿನ ಮುಲಾಮು ಮಾಡುವವರು ಇದನ್ನು ಹುಡುಕಿಕೊಂಡು ಬರುವುದೂ ಈ ಗಟ್ಟಿತನಕ್ಕೇ. ಬೇಸಿಗೆಯಲ್ಲೂ ಡಬ್ಬಿಯಲ್ಲಿ ನೀರಾಗುವುದಿಲ್ಲ, ಸುಲಭಕ್ಕೆ ಕಮಟುವುದೂ ಇಲ್ಲ.

ಹಣ್ಣು ಒಡೆದ ದಿನ

ಹಸಿ ಬೀಜ ಜೀವಂತ ಬೀಜ. ಅದರಲ್ಲಿ ನೀರೂ ಇದೆ, ಕೊಬ್ಬನ್ನು ಒಡೆಯುವ ಲೈಪೇಸ್ ಎಂಬ ಕಿಣ್ವವೂ ಇದೆ. ತಿಳಿಯ ಸಕ್ಕರೆ ಸೇರಿ ರಾಶಿ ಹುಳಿಯಲು ಶುರುವಾದರೆ ಒಳಗೆ ಬಿಸಿಯಾಗುತ್ತದೆ, ಬೂಸಲು ಕಾಣಿಸಿಕೊಳ್ಳುತ್ತದೆ, ಬೂಸಲಿನ ಕಿಣ್ವವೂ ಸೇರಿಕೊಳ್ಳುತ್ತದೆ. ಕೊಬ್ಬು ಒಡೆದು ಮುಕ್ತ ಕೊಬ್ಬಿನಾಮ್ಲವಾಗುತ್ತದೆ. ತುಪ್ಪದ ಹುಳಿ ವಾಸನೆ, ನಾಲಿಗೆ ಕೆರೆಯುವ ರುಚಿ, ಕಂದು ಬಣ್ಣ ಎಲ್ಲವೂ ಇಲ್ಲಿಂದ. ಒಮ್ಮೆ ಒಡೆದ ಕೊಬ್ಬನ್ನು ಮತ್ತೆ ಜೋಡಿಸುವ ಉಪಾಯ ಮನೆಮಟ್ಟದಲ್ಲಿ ಇಲ್ಲ.

ಆದ್ದರಿಂದ ಹಣ್ಣು ಒಡೆದ ದಿನವೇ ಬೀಜ, ತಿಳಿ ಬೇರೆ ಮಾಡಿ. ಮೊದಲು ನೀರು ಹಾಕದೆ ಬೀಜವನ್ನು ಸ್ಟೀಲ್ ಜರಡಿಯ ಮೇಲೆ ಕೈಯಿಂದ ಉಜ್ಜಿ, ಇಳಿಯುವ ರಸವನ್ನು ಪಾತ್ರೆಯಲ್ಲಿ ಹಿಡಿದುಕೊಳ್ಳಿ. ಒಣಸಿಪ್ಪೆ ಮಾಡುವಾಗ ಸಿಪ್ಪೆಯನ್ನು ಮತ್ತೆ ಮತ್ತೆ ಅದ್ದಿ ಒಣಗಿಸಲು ಕೊಂಕಣದಲ್ಲಿ ಉಪ್ಪು ಬೆರೆಸಿ ಬಳಸುವುದು ಇದೇ ರಸವನ್ನು. ಆಮೇಲೆ ಬೀಜ ಮುಳುಗುವಷ್ಟು ನೀರು ಹಾಕಿ ಒಂದು ರಾತ್ರಿ ಬಿಡಿ, ಲೋಳೆ ಸಡಿಲವಾಗುತ್ತದೆ. ಬೆಳಿಗ್ಗೆ ಬಿದಿರಿನ ಬುಟ್ಟಿಯಲ್ಲಿ ತಿಕ್ಕಿ ಎರಡು ನೀರಿನಲ್ಲಿ ತೊಳೆಯಿರಿ. ಹನ್ನೆರಡು ಗಂಟೆ ಸಾಕು, ಇಪ್ಪತ್ತನಾಲ್ಕು ದಾಟಬಾರದು. ಬೀಜ ಬೆರಳಲ್ಲಿ ಜಾರದೆ ಒರಟಾಗಿ ಸಿಕ್ಕಿದರೆ ತೊಳೆದದ್ದು ಸರಿಯಾಗಿದೆ. ಲೋಳೆ ಉಳಿದರೆ ಒಣಗಿದ ಮೇಲೆ ಕವಚಕ್ಕೆ ಅಂಟಿನಂತೆ ಹಿಡಿದು ತೇವ ಎಳೆಯುತ್ತಲೇ ಇರುತ್ತದೆ.

ತೊಳೆದ ತಕ್ಷಣ ಬಿಸಿಲಿಲ್ಲದಿದ್ದರೆ ಇಡ್ಲಿ ಬೇಯಿಸುವ ದೊಡ್ಡ ಅಟ್ಟದ ಪಾತ್ರೆಯಲ್ಲಿ ಬೀಜವನ್ನು 10–15 ನಿಮಿಷ ಆವಿಯಲ್ಲಿ ಬೇಯಿಸಿ. ಬೀಜದ ಒಳಗೂ ಬಿಸಿ ತಲುಪಬೇಕು. ಒಂದನ್ನು ಕತ್ತರಿಸಿ ಮುಟ್ಟಿ ನೋಡಿ. ಹೀಗೆ ಮಾಡಿದರೆ ಕಿಣ್ವ ಸಾಯುತ್ತದೆ, ಒಂದು ದಿನದ ಬಿಡುವು ಸಿಗುತ್ತದೆ. ಬೂಸಲು ಹೊಸದಾಗಿ ಬರುವುದನ್ನು ಮಾತ್ರ ಇದು ತಡೆಯುವುದಿಲ್ಲ, ಒಣಗಿಸುವುದಂತೂ ಬೇಕೇ ಬೇಕು.

ಒಣಗಿಸುವುದು

ಗುರಿ ಶೇ 7–8ರ ತೇವ. ನಿಮ್ಮ 5 ಟನ್ ಹಣ್ಣು ನಲವತ್ತು ದಿನಗಳಲ್ಲಿ ಬರುತ್ತದೆ ಎಂದುಕೊಂಡರೆ ದಿನಕ್ಕೆ 125 ಕಿಲೋ ಹಣ್ಣು, 25 ಕಿಲೋ ಹಸಿ ಬೀಜ. ಎರಡು ಸೆಂಟಿಮೀಟರ್ ದಪ್ಪಕ್ಕೆ ಹರಡಿದರೆ ಒಂದು ಚದರ ಮೀಟರಿಗೆ ಹತ್ತು ಕಿಲೋ ಹಿಡಿಯುತ್ತದೆ. ಐದಾರು ದಿನ ಒಣಗಬೇಕಾದ್ದರಿಂದ ಹದಿನೈದು–ಹದಿನೆಂಟು ಚದರ ಮೀಟರ್ ಜಾಗ ಸಾಕು. ಅಡಿಕೆ ಅಂಗಳದ ಒಂದು ಮೂಲೆ. ಅಡಿಕೆಗೆಂದು ಕಟ್ಟಿದ ಪ್ಲಾಸ್ಟಿಕ್ ಹೊದಿಕೆಯ ಸೋಲಾರ್ ಶೆಡ್ ಇದ್ದರೆ ಇನ್ನೂ ಒಳ್ಳೆಯದು, ಮೇ ಕೊನೆಯ ಹಠಾತ್ ಮಳೆಗೆ ಹೆದರಬೇಕಿಲ್ಲ. ನೆಲದ ಮೇಲೆ ಸಗಣಿ ಸಾರಿಸಿದ ಅಂಗಳದಲ್ಲಿ ನೇರವಾಗಿ ಹರಡಬೇಡಿ. ಬಟ್ಟೆ ಅಥವಾ ಜಾಲರಿ ತಟ್ಟೆ ಹಾಕಿ. ಮೊದಲ ಎರಡು ದಿನ ನಾಲ್ಕೈದು ಬಾರಿ ಕೈಯಾಡಿಸಿ, ರಾತ್ರಿ ರಾಶಿ ಮಾಡಿ ಮುಚ್ಚಿಡುವ ಅಭ್ಯಾಸ ಬಿಡಿ. ತೆಳುವಾಗಿಯೇ ಒಳಗೆಳೆದು ಇಡಿ.

ಮಳೆ ಹಿಡಿದರೆ ಕೊಬ್ಬರಿ ಅಥವಾ ಅಡಿಕೆ ಡ್ರೈಯರ್ ಬಳಸಿ. ಗಾಳಿಯ ಉಷ್ಣತೆ 55–60 ಡಿಗ್ರಿ ಇರಲಿ. 70 ದಾಟಿದರೆ ಹೊರಗೆ ಗಟ್ಟಿಯಾಗಿ ಒಳಗೆ ಹಸಿ ಉಳಿಯುತ್ತದೆ, ತುಪ್ಪದ ಬಣ್ಣವೂ ಕಪ್ಪಾಗುತ್ತದೆ. ಹೊಗೆ ನೇರವಾಗಿ ತಾಗುವ ಅಟ್ಟದ ಮೇಲೆ ಮಾತ್ರ ಬೇಡ. ಕೊಬ್ಬು ಹೊಗೆಯ ವಾಸನೆಯನ್ನು ಹೀರಿಕೊಳ್ಳುತ್ತದೆ, ಹೊಗೆಯಲ್ಲಿನ ಹಾನಿಕರ ವಸ್ತುಗಳನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಆಮೇಲೆ ಎಷ್ಟು ತೊಳೆದರೂ ಹೋಗದು.

ಒಣಗಿದ್ದು ಸಾಕೇ ಎಂದು ನೋಡಲು ಅಲ್ಲಾಡಿಸಿ: ತಿರುಳು ಕವಚದೊಳಗೆ ಗಲಗಲ ಎನ್ನಬೇಕು. ಒಡೆದರೆ ತಿರುಳು ಬಾಗದೆ ಪಟ್ಟೆಂದು ಮುರಿಯಬೇಕು. ಖಚಿತವಾಗಿ ಬೇಕಿದ್ದರೆ ಜಜ್ಜಿದ 100 ಗ್ರಾಂ ಬೀಜವನ್ನು 105 ಡಿಗ್ರಿಯ ಓವನ್‌ನಲ್ಲಿ ತೂಕ ನಿಲ್ಲುವವರೆಗೆ, ನಾಲ್ಕೈದು ಗಂಟೆ, ಇಟ್ಟು ತೂಗಿ. ಕಡಿಮೆಯಾದ ಗ್ರಾಂ ಎಷ್ಟೋ ತೇವದ ಶೇಕಡಾ ಅಷ್ಟೇ.

ಒಣಬೀಜವನ್ನು ಕವಚದ ಸಮೇತ ಗೋಣಿಚೀಲದಲ್ಲಿ, ನೆಲ ಮತ್ತು ಗೋಡೆಗೆ ತಾಗದಂತೆ ಹಲಗೆಯ ಮೇಲಿಡಿ. ಮಳೆಗಾಲ ಕಳೆಯಬೇಕಿದ್ದರೆ ತಿಂಗಳಿಗೊಮ್ಮೆ ತೆರೆದು ನೋಡಿ, ಬಿಸಿಲು ಬಿದ್ದ ದಿನ ಹರಡಿ. ಕವಚ ಒಡೆದ ತಿರುಳನ್ನು ಮಾತ್ರ ಕೂಡಿಡಬೇಡಿ. ಒಡೆದ ವಾರದೊಳಗೆ ಹಿಂಡಬೇಕು. ಹಸಿರು ಅಥವಾ ಹಳದಿ ಬೂಸಲು ಕಂಡ ಬೀಜವನ್ನು ಆರಿಸಿ ತೆಗೆಯಿರಿ. ಅದು ಅಫ್ಲಾಟಾಕ್ಸಿನ್ ವಿಷ ಹುಟ್ಟಿಸುವ ಬೂಸಲೂ ಆಗಿರಬಹುದು.

ಪುನರ್ಪುಳಿಯದೇ ಬಳಗದ ಇನ್ನೊಂದು ಹುಳಿಹಣ್ಣಾದ ಉಪ್ಪಾಗೆಯ ಬೀಜವನ್ನು ಇದರ ಜೊತೆ ಬೆರೆಸಬೇಡಿ. ಶಿರಸಿ, ಸಿದ್ದಾಪುರದ ಕಡೆ ಉಪ್ಪಾಗೆ ತುಪ್ಪವನ್ನು ಅಡುಗೆಗೇ ಬಳಸುತ್ತಾರೆ, ಒಳ್ಳೆಯ ವಸ್ತು. ಆದರೆ ಅದು ಇದಕ್ಕಿಂತ ಮೆತ್ತಗೆ, ಬೇಗ ಕರಗುತ್ತದೆ. ಸ್ವಲ್ಪ ಬೆರೆತರೂ ಪುನರ್ಪುಳಿ ತುಪ್ಪದ ಗಟ್ಟಿತನ ಇಳಿಯುತ್ತದೆ. ಖರೀದಿದಾರರು ಕರಗುವ ಬಿಂದು ನೋಡಿಯೇ ತೂಕಕ್ಕೆ ಹಾಕುತ್ತಾರೆ.

ಕವಚ ಬಿಡಿಸುವುದು

ಕವಚದಲ್ಲಿ ಕೊಬ್ಬಿಲ್ಲ, ಬಣ್ಣ ಮತ್ತು ಒಗರು ಇದೆ. ಜೊತೆಗೆ ಹಿಂಡುವಾಗ ತನ್ನೊಳಗೆ ತುಪ್ಪ ಹೀರಿಕೊಳ್ಳುತ್ತದೆ. ಮರದ ಕೊಡತಿಯಲ್ಲಿ ಮೆಲ್ಲಗೆ ಜಜ್ಜಿ ಅಥವಾ ಕಲ್ಲುಗಳ ಅಂತರ ಸಡಿಲಿಸಿದ ಹಿಟ್ಟಿನ ಗಿರಣಿಯಲ್ಲಿ ಒಡೆದು ಗೆರಸೆಯಲ್ಲಿ ಕೇರಿ. ನುಣ್ಣಗೆ ಪುಡಿಯಾದರೆ ತಿರುಳೂ ಕವಚದ ಜೊತೆ ಹಾರಿಹೋಗುತ್ತದೆ, ಹಾಗಾಗಿ ಗಿರಣಿಯ ಅಂತರವನ್ನು ಮೊದಲು ಅರ್ಧ ಕಿಲೋದಲ್ಲಿ ಹೊಂದಿಸಿಕೊಳ್ಳಿ. ಕುದಿಸುವುದಾದರೆ ಕವಚ ಪೂರ್ತಿ ಹೋಗಲಿ. ಎಕ್ಸ್‌ಪೆಲ್ಲರ್‌ಗೆ ಶೇ 10ರಷ್ಟು ಕವಚ ಉಳಿಸಿ. ಬರೀ ತಿರುಳು ಮೆತ್ತಗಾಗಿ ಸ್ಕ್ರೂ ಮೇಲೆ ಜಾರುತ್ತದೆ, ಒತ್ತಡವೇ ಹುಟ್ಟುವುದಿಲ್ಲ. ನಾರು ಇದ್ದರೆ ಹಿಡಿತ ಸಿಗುತ್ತದೆ.

ಕುದಿಸಿ ತೆಗೆಯುವುದು

ಈ ವಿಧಾನಕ್ಕೆ ಯಂತ್ರ ಬೇಡ, ತಾಳ್ಮೆ ಬೇಕು. ತಿರುಳನ್ನು ರವೆಯಷ್ಟು ತರಿಯಾಗಿ ಪುಡಿ ಮಾಡಿ. 5 ಕಿಲೋ ಪುಡಿಗೆ 20 ಲೀಟರ್ ನೀರು. ಪಾತ್ರೆ ಸ್ಟೇನ್‌ಲೆಸ್ ಸ್ಟೀಲಿನದೇ ಇರಲಿ. ಕಬ್ಬಿಣದ ಬಾಣಲೆಯಲ್ಲಿ ಒಗರು ಕಬ್ಬಿಣದ ಜೊತೆ ಸೇರಿ ಕಪ್ಪಾಗುತ್ತದೆ. ತಾಮ್ರವಂತೂ ಕೊಬ್ಬು ಕಮಟುವುದನ್ನು ವೇಗಗೊಳಿಸುತ್ತದೆ. ನೀರು ಬಿಸಿಯಾದ ಮೇಲೆ ಪುಡಿ ಹಾಕಿ ಕಲಕಿ, ಕುದಿ ಬಂದ ಮೇಲೆ ಉರಿ ಇಳಿಸಿ ಎರಡರಿಂದ ಮೂರು ಗಂಟೆ ಮೆಲುಕುದಿಯಲ್ಲಿ ಇಡಿ. ಆಗಾಗ ತಳದಿಂದ ಕಲಕಿ, ಆವಿಯಾದಷ್ಟು ಬಿಸಿನೀರು ಸೇರಿಸಿ. ತುಪ್ಪ ಮೇಲೆ ಹಳದಿ ಪದರವಾಗಿ ನಿಲ್ಲುತ್ತದೆ. ಉರಿ ಆರಿಸಿ ಅರ್ಧ ಗಂಟೆ ಅಲುಗಿಸದೆ ಬಿಟ್ಟು ಸೌಟಿನಲ್ಲಿ ತೆಗೆಯಿರಿ, ಮತ್ತೆ ನೀರು ಹಾಕಿ ಇನ್ನೊಂದು ಗಂಟೆ ಕುದಿಸಿ ಎರಡನೇ ಬಾರಿ ತೆಗೆಯಿರಿ. ಕೊನೆಗೆ ಪಾತ್ರೆಯನ್ನು ರಾತ್ರಿಯಿಡೀ ತಣಿಯಲು ಬಿಟ್ಟರೆ ಉಳಿದದ್ದು ಬಿಲ್ಲೆಯಾಗಿ ಮೇಲೆ ಗಟ್ಟಿಯಾಗುತ್ತದೆ, ಹಾಗೇ ಎತ್ತಬಹುದು.

ಹೆಚ್ಚಿನವರು ಇಲ್ಲಿ ಸೋಲುವುದು ಬಿಳಿ ನೊರೆಯಿಂದ. ಪುಡಿ ಹಿಟ್ಟಿನಷ್ಟು ನುಣ್ಣಗಿದ್ದರೆ ಅಥವಾ ಕೊತಕೊತ ಕುದಿಸಿದರೆ ಪಿಷ್ಟ, ಪ್ರೋಟೀನು ಸೇರಿ ತುಪ್ಪ ನೀರಿನಲ್ಲಿ ಹಾಲಿನಂತೆ ಬೆರೆತು ನಿಲ್ಲುತ್ತದೆ, ಬೇರೆಯಾಗುವುದೇ ಇಲ್ಲ. ಆಗ ನೀರಿನ ಶೇ 1ರಿಂದ 2ರಷ್ಟು ಕಲ್ಲುಪ್ಪು, ಅಂದರೆ 20 ಲೀಟರಿಗೆ 200–400 ಗ್ರಾಂ, ಹಾಕಿ ಕುದಿಯಿಲ್ಲದೆ 85–90 ಡಿಗ್ರಿಯಲ್ಲಿ ಒಂದು ಗಂಟೆ ಬಿಡಿ. ಬಹುಮಟ್ಟಿಗೆ ಒಡೆಯುತ್ತದೆ. ಇಷ್ಟಾದರೂ ಇರುವ ಕೊಬ್ಬಿನಲ್ಲಿ ಮೂರನೇ ಒಂದು ಪಾಲಾದರೂ ಗಸಿಯಲ್ಲೇ ಉಳಿಯುತ್ತದೆ. ಈ ವಿಧಾನದ ಮಿತಿ ಅದು.

ಎಕ್ಸ್‌ಪೆಲ್ಲರ್‌ನಲ್ಲಿ

ಕೊಬ್ಬರಿ ಮಿಲ್ಲಿನವರ ಜೊತೆ ಮೊದಲೇ ಮಾತಾಡಿಕೊಳ್ಳಬೇಕಾದದ್ದು ಮೂರು ಸಂಗತಿ. ಒಂದು, ಯಂತ್ರ ಬಿಸಿಯಾಗಿ ಓಡುತ್ತಿರುವಾಗಲೇ ನಿಮ್ಮ ತಿರುಳು ಹಾಕಬೇಕು. ತಣ್ಣನೆಯ ಪಂಜರಕ್ಕೆ (ಸ್ಕ್ರೂ ಸುತ್ತಲಿನ ಸೀಳುಗಳಿರುವ ಕವಚ) ಹಾಕಿದರೆ ತುಪ್ಪ ಸೀಳುಗಳಲ್ಲೇ ಗಟ್ಟಿಯಾಗಿ ಯಂತ್ರ ಕಟ್ಟಿಕೊಳ್ಳುತ್ತದೆ. ಎರಡು, ತಿರುಳನ್ನೂ ಬಿಸಿ ಮಾಡಿ ಒಯ್ಯಬೇಕು ಅಥವಾ ಅಲ್ಲೇ ಬಿಸಿ ಮಾಡಬೇಕು. 70–80 ಡಿಗ್ರಿಯಲ್ಲಿ ಹದಿನೈದಿಪ್ಪತ್ತು ನಿಮಿಷ, ತೇವ ಶೇ 5–6ಕ್ಕೆ ಇಳಿಯುವಂತೆ. ಹೆಚ್ಚು ತೇವ ಇದ್ದರೆ ಹಿಂಡಿ ಪೇಸ್ಟಿನಂತೆ ಹೊರಬರುತ್ತದೆ. ತೀರಾ ಒಣಗಿದ್ದರೆ ಪುಡಿಯಾಗಿ ಉದುರುತ್ತದೆ, ಸ್ಕ್ರೂ ಸವೆಯುತ್ತದೆ, ತುಪ್ಪ ಸುಟ್ಟ ವಾಸನೆ ಹಿಡಿಯುತ್ತದೆ. ಸರಿಯಾದ ಹಿಂಡಿ ತೆಳು ಚಕ್ಕೆಯಾಗಿ ಬಿಸಿಬಿಸಿಯಾಗಿ ಬರಬೇಕು. ಮೂರು, ಕೆಲಸ ಮುಗಿದ ಕೂಡಲೇ ಒಣ ಹಿಂಡಿಯನ್ನು ಮತ್ತೆ ಓಡಿಸಿ ಪಂಜರ ಖಾಲಿ ಮಾಡಬೇಕು. ರಾತ್ರಿ ಒಳಗೇ ಬಿಟ್ಟರೆ ಬೆಳಿಗ್ಗೆ ಮೋಟಾರು ಎಳೆಯುವುದಿಲ್ಲ, ಮಿಲ್ಲಿನವರು ಮುಂದಿನ ವರ್ಷ ನಿಮ್ಮನ್ನು ಒಳಗೆ ಬಿಡುವುದಿಲ್ಲ.

ಹಿಂದೆ ಓಡಿದ ಕೊಬ್ಬರಿಯ ಎಣ್ಣೆ ಮೊದಲ ಮೂರ್ನಾಲ್ಕು ಕಿಲೋದಲ್ಲಿ ಬೆರೆತು ಬರುತ್ತದೆ. ಅದನ್ನು ಬೇರೆ ಡಬ್ಬಿಯಲ್ಲಿ ಹಿಡಿದು ಸಾಬೂನಿಗೆ ಇಡಿ. ಮೊದಲ ಸುತ್ತಿನ ಹಿಂಡಿ ಬಿಸಿ ಇರುವಾಗಲೇ ಎರಡನೇ ಸುತ್ತು ಹಾಕಿಸಿ.

ಶುದ್ಧ ಮಾಡುವುದು

ಹಿಂಡಿದ ತುಪ್ಪದಲ್ಲಿ ಕಣ ಮತ್ತು ಅಂಟು ಪದಾರ್ಥ ಇರುತ್ತದೆ, ಕುದಿಸಿದ ತುಪ್ಪದಲ್ಲಿ ನೀರು. ಎರಡಕ್ಕೂ ಕೆಲಸ ಒಂದೇ. ತುಪ್ಪವನ್ನು 80 ಡಿಗ್ರಿಗೆ ಬಿಸಿ ಮಾಡಿ ದಪ್ಪ ಕೋರಾ ಬಟ್ಟೆಯಲ್ಲಿ ಸೋಸಿ. ತುಪ್ಪದ ತೂಕದ ಶೇ 5–10ರಷ್ಟು ಅಷ್ಟೇ ಬಿಸಿಯ ಶುದ್ಧ ನೀರು ಸೇರಿಸಿ ನಿಧಾನಕ್ಕೆ ಹತ್ತು ನಿಮಿಷ ಕಲಕಿ, ಬಿಸಿಯಲ್ಲೇ ಎರಡು ಗಂಟೆ ತಿಳಿಯಾಗಲು ಬಿಡಿ. ತಳದಲ್ಲಿ ನಲ್ಲಿ ಇರುವ ಸ್ಟೀಲ್ ಡಬ್ಬಿ ಇದ್ದರೆ ನೀರು ಮತ್ತು ಅಂಟನ್ನು ಕೆಳಗಿನಿಂದ ಬಿಡಬಹುದು. ಆಮೇಲೆ ಮೇಲಿನ ತುಪ್ಪವನ್ನು 105–110 ಡಿಗ್ರಿಗೆ ಏರಿಸಿ, ಗುಳ್ಳೆ ಮತ್ತು ಚಟಪಟ ಸದ್ದು ನಿಲ್ಲುವವರೆಗೆ ಇಡಿ. ಬೆಣ್ಣೆ ಕಾಯಿಸುವಾಗ ಗಮನಿಸುವ ಹದವೇ ಇದು. ನೀರು ಉಳಿದರೆ ಡಬ್ಬಿಯ ತಳದಲ್ಲಿ ಕೂತು ಆರು ತಿಂಗಳಲ್ಲಿ ಎಲ್ಲವನ್ನೂ ಕಮಟಿಸುತ್ತದೆ.

ಹಾಗೇ ತಣಿಯಲು ಬಿಟ್ಟರೆ ತುಪ್ಪ ದಪ್ಪ ಹರಳುಗಟ್ಟಿ ಮರಳು ಮರಳಾಗುತ್ತದೆ. ಕ್ರೀಮ್ ಮಾಡುವವರು ಇದನ್ನು ಇಷ್ಟಪಡುವುದಿಲ್ಲ. 45 ಡಿಗ್ರಿಯವರೆಗೆ ಇಳಿಯುವಾಗ ಕಲಕುತ್ತಿರಿ, ಮೋಡದಂತೆ ಮಸುಕಾಗಲು ಶುರುವಾದೊಡನೆ ಅಚ್ಚಿಗೆ ಸುರಿದು ತಣ್ಣಗಿನ ಜಾಗದಲ್ಲಿಡಿ. ಹರಳು ಸಣ್ಣದಾಗಿ ನುಣುಪಾಗುತ್ತದೆ.

ಈಗ ಅಳೆಯಬೇಕಾದ್ದು ಮುಕ್ತ ಕೊಬ್ಬಿನಾಮ್ಲ. ಹತ್ತಿರದ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಹತ್ತು ನಿಮಿಷದ ಕೆಲಸ. 5 ಗ್ರಾಂ ಕರಗಿದ ತುಪ್ಪ, ಮೊದಲೇ ತಟಸ್ಥಗೊಳಿಸಿದ 50 ಮಿಲಿ ಬಿಸಿ ಆಲ್ಕೋಹಾಲ್, ಬಣ್ಣ ಬದಲಿಸಿ ಸೂಚನೆ ಕೊಡುವ ಫಿನಾಲ್ಫ್ತಲೀನ್ ಎರಡು ಹನಿ. 0.1 ನಾರ್ಮಲ್ ಕಾಸ್ಟಿಕ್ ಸೋಡಾ ದ್ರಾವಣವನ್ನು ಹನಿಹನಿಯಾಗಿ ಬಿಡುತ್ತ ಅರ್ಧ ನಿಮಿಷ ನಿಲ್ಲುವ ನಸುಗುಲಾಬಿ ಬಂದಾಗ ನಿಲ್ಲಿಸಿ. ಖರ್ಚಾದ ಪ್ರತಿ ಮಿಲಿಗೆ ಶೇ 0.56 ಮುಕ್ತ ಆಮ್ಲ, ಓಲಿಕ್ ಆಮ್ಲದ ಲೆಕ್ಕದಲ್ಲಿ. 4 ಮಿಲಿ ಹಿಡಿದರೆ ಶೇ 2.25.

ಬೀಜವನ್ನು ಮೇಲೆ ಹೇಳಿದಂತೆ ನೋಡಿಕೊಂಡರೆ ಇದನ್ನು ಶೇ 2–3ರ ಒಳಗೆ ಇಡಬಹುದು. ಹಳೆಯ ಪದ್ಧತಿಯಲ್ಲಿ ರಾಶಿ ಹಾಕಿ ಮಳೆಗಾಲ ಕಳೆದು ಕುದಿಸಿದ ತುಪ್ಪದಲ್ಲಿ ಶೇ 7ರ ಮೇಲೂ ಕಾಣುತ್ತದೆ. ತಿನ್ನುವ ದರ್ಜೆಗೆ ಸುಮಾರು ಶೇ 1ಕ್ಕೆ ಇಳಿಸಿ ಸಂಸ್ಕರಿಸಬೇಕಾಗುತ್ತದೆ. ಅದಕ್ಕೆ ಕಾಸ್ಟಿಕ್ ಸೋಡಾ ತೊಳೆತ: 100 ಕಿಲೋ ತುಪ್ಪದಲ್ಲಿ ಪ್ರತಿ ಶೇ 1 ಆಮ್ಲಕ್ಕೆ 142 ಗ್ರಾಂ ಕಾಸ್ಟಿಕ್, ಮೇಲೆ ಹತ್ತನೇ ಒಂದು ಪಾಲು ಹೆಚ್ಚು, ಶೇ 10ರ ದ್ರಾವಣವಾಗಿ, 70 ಡಿಗ್ರಿಯಲ್ಲಿ. ಆಮ್ಲ ಸಾಬೂನಾಗಿ ತಳಕ್ಕೆ ಇಳಿಯುತ್ತದೆ, ಜೊತೆಗೆ ಒಳ್ಳೆಯ ತುಪ್ಪವನ್ನೂ ಎಳೆದುಕೊಂಡು ಹೋಗುತ್ತದೆ. ಶೇ 5 ಆಮ್ಲವಿದ್ದರೆ ಒಟ್ಟು ನಷ್ಟ ಶೇ 8–10. ಮನೆಯಲ್ಲಿ ಇದನ್ನು ಮಾಡಿ ಎಂದು ಸಲಹೆ ಕೊಡಲಾರೆ. ಸಂಸ್ಕರಿಸುವ ಘಟಕಕ್ಕೆ ಕಚ್ಚಾ ತುಪ್ಪವಾಗಿಯೇ ಮಾರಿ, ಪರೀಕ್ಷೆಯ ಅಂಕಿಯನ್ನು ಜೊತೆಗೆ ಕೊಡಿ. ಅಂಕಿ ಇದ್ದವರಿಗೆ ಚೌಕಾಸಿಯಲ್ಲಿ ನೆಲೆ ಇರುತ್ತದೆ.

ಆಮ್ಲ ಹೆಚ್ಚಾದ ತುಪ್ಪ, ಕೊಬ್ಬರಿ ಬೆರೆತ ಮೊದಲ ಡಬ್ಬಿ, ಸೋಸಿದ ಬಟ್ಟೆಯಲ್ಲಿ ಉಳಿದದ್ದು ಇವೆಲ್ಲ ಸಾಬೂನಿಗೆ. ಈ ತುಪ್ಪದ 100 ಗ್ರಾಂ ಸಾಬೂನಾಗಲು 13.5 ಗ್ರಾಂ ಕಾಸ್ಟಿಕ್ ಬೇಕು. ಚರ್ಮಕ್ಕೆ ಮೃದುವಾಗಲು ಶೇ 5 ಕಡಿಮೆ ಮಾಡಿ 12.8 ಗ್ರಾಂ ಹಾಕುತ್ತಾರೆ. ಇದೊಂದರಲ್ಲೇ ಮಾಡಿದರೆ ಸಾಬೂನು ಕಲ್ಲಿನಷ್ಟು ಗಟ್ಟಿ, ನೊರೆ ಕಡಿಮೆ. ಒಟ್ಟು ಎಣ್ಣೆಯಲ್ಲಿ ಶೇ 15–20 ಇದು, ಉಳಿದದ್ದರಲ್ಲಿ ಕೊಬ್ಬರಿ ಎಣ್ಣೆ ಮತ್ತು ಒಂದು ಮೆತ್ತನೆಯ ಎಣ್ಣೆ ಇರಲಿ. ಪ್ರತಿ ಎಣ್ಣೆಯ ಕಾಸ್ಟಿಕ್ ಲೆಕ್ಕ ಬೇರೆ ಬೇರೆ ಹಾಕಿ ಕೂಡಿಸಿ. ಕೊಬ್ಬರಿ ಎಣ್ಣೆಗೆ 100 ಗ್ರಾಮಿಗೆ ಸುಮಾರು 18 ಗ್ರಾಂ ಹಿಡಿಯುತ್ತದೆ. ಕಾಸ್ಟಿಕ್ಕನ್ನು ನೀರಿಗೆ ಹಾಕಬೇಕು, ಕಾಸ್ಟಿಕ್ಕಿಗೆ ನೀರು ಸುರಿಯಬಾರದು. ಅಲ್ಯೂಮಿನಿಯಂ ಪಾತ್ರೆ ಮುಟ್ಟಲೇಬೇಡಿ. ಕೈಗವಸು ಮತ್ತು ಕನ್ನಡಕ ಹಾಕಿಕೊಳ್ಳದೆ ಈ ಕೆಲಸಕ್ಕೆ ಇಳಿಯಬೇಡಿ.

ರಸ ಬಿಟ್ಟ ಸಿಪ್ಪೆ

ಸಕ್ಕರೆ ನೀರು ಸಿಪ್ಪೆಯ ಕೆಂಪು ಬಣ್ಣ ಮತ್ತು ಹುಳಿಯನ್ನು ಬಹಳಷ್ಟು ಎಳೆದಿರುತ್ತದೆ, ಎಲ್ಲವನ್ನೂ ಅಲ್ಲ. ಉಳಿದ ಸಿಪ್ಪೆಯನ್ನು ಅದರ ಮೂರು ಪಟ್ಟು ನೀರಿನಲ್ಲಿ 60 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು ಸೋಸಿದರೆ ಸಾರಿಗೆ ಒಪ್ಪುವ ಎರಡನೇ ರಸ ಸಿಗುತ್ತದೆ. ಕುದಿಸಬೇಡಿ, ಬಣ್ಣ ಕಂದಾಗುತ್ತದೆ. ಈ ಕೆಂಪು ಬಣ್ಣ ಹುಳಿಯಲ್ಲಿ ಮಾತ್ರ ನಿಲ್ಲುತ್ತದೆ, ಬಿಸಿ, ಬೆಳಕು, ಕಬ್ಬಿಣ ಮೂರೂ ಅದಕ್ಕೆ ಶತ್ರು. ಅಲ್ಯೂಮಿನಿಯಂ ಪಾತ್ರೆಯೂ ಬೇಡ, ಇಷ್ಟು ಹುಳಿಗೆ ಲೋಹ ಕರಗುತ್ತದೆ. ಇಲ್ಲವೇ ಸಿಹಿ ಉಳಿದ ಸಿಪ್ಪೆಯನ್ನು 50–55 ಡಿಗ್ರಿಯಲ್ಲಿ ಒಣಗಿಸಿ ಉಪ್ಪು, ಜೀರಿಗೆ, ಮೆಣಸು ಬೆರೆಸಿ ಬಾಯಿಗೆ ಹಾಕಿಕೊಳ್ಳುವ ತುಂಡು ಮಾಡಬಹುದು. ನನ್ನ ದೃಷ್ಟಿಯಲ್ಲಿ ಸಣ್ಣ ಘಟಕಕ್ಕೆ ಹೆಚ್ಚು ಲಾಭ ಇದರಲ್ಲೇ. ಪುಡಿ ಮಾಡಲು ಹೋದರೆ ಸಕ್ಕರೆ ತೇವ ಎಳೆದು ಗಂಟು ಕಟ್ಟುತ್ತದೆ. ಸಿಪ್ಪೆಯಲ್ಲಿರುವ ಗಾರ್ಸಿನಾಲ್ ಎಂಬ ಹಳದಿ ವಸ್ತು ನೀರಿನಲ್ಲಿ ಕರಗದು, ಆದ್ದರಿಂದ ರಸ ಬಿಟ್ಟ ಸಿಪ್ಪೆಯಲ್ಲೂ ಉಳಿದಿರುತ್ತದೆ. ಔಷಧ ಕಂಪನಿಗಳಿಗೆ ಅದು ಬೇಕು. ಆದರೆ ತೆಗೆಯಲು ಬೆಂಕಿ ಹಿಡಿಯುವ ದ್ರಾವಕ, ಅದನ್ನು ಮತ್ತೆ ಹಿಡಿಯುವ ಯಂತ್ರ ಎಲ್ಲ ಬೇಕಾಗುತ್ತದೆ. ಮನೆಯ ಕೆಲಸವಲ್ಲ ಅದು. ಚೆನ್ನಾಗಿ ಒಣಗಿಸಿದ ಸಿಪ್ಪೆಯನ್ನೇ ಮಾರಬಹುದು.

ಹಿಂಡಿ, ನೀರು, ಕಾಗದ ಪತ್ರ

ಹಿಂಡಿಯನ್ನು ಹಸುವಿಗೆ ಹಾಕಬೇಡಿ. ಒಗರಿನ ಅಂಶ ಹೆಚ್ಚು, ಬೂಸಲಿನ ವಿಷ ಇದ್ದರೆ ತುಪ್ಪಕ್ಕಿಂತ ಹಿಂಡಿಯಲ್ಲೇ ಹೆಚ್ಚು ಉಳಿಯುತ್ತದೆ, ಅದು ಹಾಲಿಗೂ ಬರುತ್ತದೆ. ಗೊಬ್ಬರದ ರಾಶಿಯಲ್ಲಿ ಹತ್ತನೇ ಒಂದು ಪಾಲು ಮೀರದಂತೆ ಸಗಣಿ, ಸೊಪ್ಪಿನ ಜೊತೆ ಬೆರೆಸಿ. ಹೆಚ್ಚಾದರೆ ಉಳಿದ ಕೊಬ್ಬು ಗಾಳಿ ತಡೆದು ರಾಶಿ ನಾರುತ್ತದೆ. ಕವಚ ಡ್ರೈಯರಿನ ಒಲೆಗೆ ಒಳ್ಳೆಯ ಉರುವಲು.

ಬೀಜ ತೊಳೆದ ನೀರು ತೀರಾ ಹುಳಿ. ನೇರ ತೋಡಿಗೆ ಬಿಟ್ಟರೆ ಮೀನು ಸಾಯುತ್ತದೆ, ಅಡಿಕೆ ಬುಡಕ್ಕೆ ದಿನವೂ ಹೋದರೆ ಬೇರು ಕೆಡುತ್ತದೆ. ಒಂದು ಡ್ರಮ್ಮಿನಲ್ಲಿ ಹಿಡಿದು ಸುಣ್ಣದ ತಿಳಿ ಸ್ವಲ್ಪ ಸ್ವಲ್ಪವೇ ಹಾಕಿ ಕಲಕಿ, ಪಿಎಚ್ ಕಾಗದದಲ್ಲಿ 6.5–7.5 ತೋರಿಸುವವರೆಗೆ. ಕೆಂಪು ನೀರು ನೀಲಿ, ಹಸಿರು ಬಣ್ಣಕ್ಕೆ ತಿರುಗಲು ಶುರುವಾದದ್ದು ಕಣ್ಣಿಗೇ ಕಾಣುತ್ತದೆ. ಎರಡು ದಿನ ತಳ ಇಳಿಯಲು ಬಿಟ್ಟು ತೋಟಕ್ಕೆ ಹಾಯಿಸಿ.

ತಿನ್ನುವ ವಸ್ತುವಾಗಿ ಮಾರುವುದಿದ್ದರೆ ನಿಮ್ಮ ಸಿರಪ್‌ನ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಪರವಾನಗಿಯಲ್ಲಿ ಈ ಉತ್ಪನ್ನವನ್ನೂ ಸೇರಿಸಬೇಕು. ಮುಲಾಮು, ಲಿಪ್ ಬಾಮ್, ಸ್ನಾನದ ಸಾಬೂನು ಮಾಡಿ ಮಾರಿದರೆ ಅದು 2020ರ ಸೌಂದರ್ಯವರ್ಧಕ ನಿಯಮಗಳ ಅಡಿ ಬರುತ್ತದೆ, ತಯಾರಿಕಾ ಪರವಾನಗಿ ಬೇರೆಯೇ. ಕಚ್ಚಾ ತುಪ್ಪವನ್ನು ಅಂಥ ತಯಾರಕರಿಗೆ ಮಾರುವುದು ಮೊದಲ ಒಂದೆರಡು ವರ್ಷಕ್ಕೆ ಸುಲಭದ ದಾರಿ. ಡ್ರೈಯರಿಗೆ ಸಾಲ ಬೇಕಿದ್ದರೆ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಪಿಎಂಎಫ್‌ಎಂಇ ಯೋಜನೆಯನ್ನು ರಾಜ್ಯದಲ್ಲಿ ಕೆಪೆಕ್ (ಕೃಷಿ ಉತ್ಪನ್ನ ಸಂಸ್ಕರಣೆ ಮತ್ತು ರಫ್ತು ನಿಗಮ) ನೋಡಿಕೊಳ್ಳುತ್ತದೆ. ಈಗ ಅರ್ಜಿ ತೆರೆದಿದೆಯೇ ಎಂದು ಜಿಲ್ಲಾ ಕೃಷಿ ಇಲಾಖೆಯಲ್ಲಿ ವಿಚಾರಿಸಿ. ತಾಂತ್ರಿಕ ನೆರವಿಗೆ ಮೈಸೂರಿನ ಸಿಎಫ್‌ಟಿಆರ್‌ಐ (ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ) ಇದೆ. ಅಲ್ಲಿಗೆ ಹೋಗುವಾಗ ನಿಮ್ಮದೇ 50 ಕಿಲೋ ಹಣ್ಣಿನ ತೂಕದ ಲೆಕ್ಕ ಮತ್ತು ಕಾಲು ಕಿಲೋ ತುಪ್ಪದ ಮಾದರಿ ಜೊತೆಗಿರಲಿ.